ಕಂಬಳಿಯ ಕೆಳಗಿನ ವ್ಯಾಪಾರ

ಪಣಕ್ಕಿಟ್ಟದ್ದು ಒಂದು ಜಾಗಟೆ. ಕಂಚಿನದು, ಮೂರು ಸೇರು ತೂಕ. ಪೇಟೆಯಲ್ಲಿ ಮಾರಿದರೆ ಹೇಳಿಕೊಳ್ಳುವಂಥ ಬೆಲೆಯೇನೂ ಬಾರದು. ಆದರೆ ಅದನ್ನು ಬಾರಿಸುವ ಕೈ ಯಾರದೋ ಆ ಮನೆಯ ಹಗಲೆಲ್ಲ ಅವರದು. ವರ್ತಕ ಗೆದ್ದರೆ ಜಾಗಟೆ ಅವನು ಕಣ್ಣು ಮುಚ್ಚುವವರೆಗೆ ಅವನ ಕೈಯಲ್ಲೇ. ಹೆಂಡತಿ ಗೆದ್ದರೆ ಅದು ಅವಳ ಪಾಲು. ಕರಗಿಸಿ ಚೊಂಬು ಮಾಡಿಸಿಕೊಳ್ಳಲಿ, ಹಿತ್ತಲಲ್ಲಿ ಬೋರಲು ಹಾಕಿ ಕೋಳಿಮರಿ ಮುಚ್ಚಲಿ, ಕೇಳುವಂತಿಲ್ಲ.

ವರ್ತಕನದು ಬೆಲ್ಲದ ಮಂಡಿ. ಬೆಲ್ಲಕ್ಕೆ ಹೊತ್ತು ಗೊತ್ತು ಬೇಕು, ಹೊತ್ತು ಮೀರಿದರೆ ಅದು ನೀರು ಬಿಡುತ್ತದೆ. ಮನುಷ್ಯರೂ ಅಷ್ಟೇ ಎಂದು ಅವನ ಲೆಕ್ಕ. ಅದಕ್ಕೇ ಮನೆಯಲ್ಲಿ ದಿನಕ್ಕೆ ಏಳು ಸಲ ಜಾಗಟೆ. ಒಂದನೆಯದಕ್ಕೆ ಏಳುವುದು, ಎರಡನೆಯದಕ್ಕೆ ಮೀಯುವುದು, ಮೂರನೆಯದಕ್ಕೆ ಉಣ್ಣುವುದು, ಹೀಗೇ ಸಾಗಿ ಆರನೆಯದಕ್ಕೆ ಗಂಡಹೆಂಡಿರು ಜಗಲಿಯಲ್ಲಿ ಕೂತು ಸುಖದುಃಖ ಮಾತಾಡುವುದು. ಏಳನೆಯದು ಬಾರಿಸಿದಾಗ ಮಾತು ಅರ್ಧದಲ್ಲಿದ್ದರೆ ಉಳಿದರ್ಧ ನಾಳೆಗೆ. ಹೆಂಡತಿ ಇಪ್ಪತ್ತೆರಡು ವರ್ಷ ಆ ಸದ್ದಿನೊಳಗೇ ಬಾಳಿದ್ದಳು. ಅವಳ ಅರ್ಧ ಮಾತುಗಳನ್ನೆಲ್ಲ ಸೇರಿಸಿದ್ದರೆ ಒಂದು ಗೋದಾಮು ತುಂಬುತ್ತಿತ್ತು.

ಒಂದು ದಿನ ಆರನೆಯ ಜಾಗಟೆ ಆದ ಮೇಲೆ ಅವಳೆಂದಳು: "ರೀ, ಆಟದ ಪಟ್ಟಣಕ್ಕೆ ಹೋಗಿಬರೋಣ."

"ಆಗಲಿ, ಪಟ್ಟಿ ಮಾಡ್ತೀನಿ."

"ಪಟ್ಟಿ ಮಾಡೋದಾದ್ರೆ ಬೇಡ."

"ಪಟ್ಟಿ ಇಲ್ದೆ ಹೋದ್ರೆ ಕುರಿ ಹಾಗೆ ಸಾಲಲ್ಲಿ ನಿಂತು ಬರ್ತೀಯ ಅಷ್ಟೇ ಕಣೇ."

"ನಿಮ್ ಪಟ್ಟಿ ಹಿಡ್ಕೊಂಡು ಹೋದ್ರೆ ಕುರಿ ಲೆಕ್ಕ ಮಾಡಿ ಬರ್ತೀನಿ ಅಷ್ಟೇ."

ಮಾತಿಗೆ ಮಾತು ಬೆಳೆಯಿತು, ಏಳನೆಯ ಜಾಗಟೆ ತಪ್ಪಿಹೋಯಿತು. ಹಾಗೆ ಹುಟ್ಟಿದ್ದು ಈ ಪಣ.

ಆಟದ ಪಟ್ಟಣ ಎತ್ತರದ ಗೋಡೆಯೊಳಗಿದೆ. ಬಾಗಿಲು ಒಂದೇ. ಸೂರ್ಯ ಹುಟ್ಟಿದಾಗ ತೆರೆಯುತ್ತದೆ, ಮುಳುಗುವಾಗ ಮುಚ್ಚುತ್ತದೆ, ಒಬ್ಬರಿಗೆ ಜನ್ಮಕ್ಕೆ ಒಂದೇ ದಿನ ಪ್ರವೇಶ. ಬಾಗಿಲಲ್ಲಿ ತೂಕದವನು ಕೂತಿರುತ್ತಾನೆ. ಒಳಗೆ ಹೋಗುವವರ ಸೊಂಟಕ್ಕೆಲ್ಲ ಅವನೊಂದು ಬಟ್ಟೆಯ ಚೀಲ ಕಟ್ಟುತ್ತಾನೆ. ಆ ಪಟ್ಟಣದೊಳಗೆ ಯಾರು ಯಾವ ಕ್ಷಣ ತಮ್ಮನ್ನು ತಾವು ಮರೆಯುತ್ತಾರೋ ಆ ಕ್ಷಣ ಅವರ ಚೀಲದಲ್ಲಿ ಒಂದು ಗುಲಗಂಜಿ ಬೀಳುತ್ತದೆ. ಕೆಂಪು ಮೈ, ಕಪ್ಪು ಕಣ್ಣು. ಎಲ್ಲಿಂದ ಬೀಳುತ್ತದೆಂದು ಯಾರೂ ಕೇಳುವುದಿಲ್ಲ. ಸೂರ್ಯ ಎಲ್ಲಿಂದ ಹುಟ್ಟುತ್ತಾನೆಂದು ಕೇಳುತ್ತಾರೆಯೇ? ಹೊರಗೆ ಬರುವಾಗ ತೂಕದವನು ಚೀಲ ತೂಗಿ, ದಿನ ಎಷ್ಟು ತೂಗಿತೆಂದು ಹೇಳುತ್ತಾನೆ. ಯಾರ ಚೀಲ ಭಾರವೋ ಅವರು ಗೆದ್ದಂತೆ ಎಂದು ಗಂಡಹೆಂಡಿರು ಒಪ್ಪಿಕೊಂಡರು.

ವರ್ತಕ ಮೂರು ತಿಂಗಳು ಪಟ್ಟಿ ಮಾಡಿದ. ಹೋಗಿ ಬಂದವರನ್ನೆಲ್ಲ ಮಂಡಿಗೆ ಕರೆಸಿದ, ಬೆಲ್ಲದ ಪಾನಕ ಕುಡಿಸಿದ, ಕೇಳಿದ. ಯಾವ ಆಟದ ಮುಂದೆ ಯಾವ ಹೊತ್ತಿಗೆ ಸಾಲು ಚಿಕ್ಕದು, ಎಲ್ಲಿ ಕೂತರೆ ಗಾಳಿ ಜಾಸ್ತಿ, ಎಲ್ಲಿ ಕಿರುಚಿದರೆ ಹಗುರಾಗುತ್ತದೆ, ಎಲ್ಲವನ್ನೂ ಬರೆದುಕೊಂಡ. ಪಟ್ಟಣದಲ್ಲಿ ಹದಿನೆಂಟು ಆಟ ಎಂದು ಎಲ್ಲರೂ ಹೇಳಿದರು. ಆಟಕ್ಕೆ ಒಂದರಂತೆ ಹದಿನೆಂಟು ಗುಲಗಂಜಿ, ನಾಲ್ಕು ಉದುರಿಹೋದವೆಂದರೂ ಹದಿನಾಲ್ಕು. ಹೆಂಡತಿ ಆ ಮೂರು ತಿಂಗಳೂ ಏನೂ ಮಾಡಲಿಲ್ಲ. ಏನೂ ಮಾಡುತ್ತಿಲ್ಲವೆಂದು ದಿನಕ್ಕೆರಡು ಸಲ ಹೇಳುತ್ತಿದ್ದಳು.

ಬಾಗಿಲಲ್ಲಿ ತೂಕದವನು ಚೀಲ ಕಟ್ಟಿ, ಒಬ್ಬೊಬ್ಬರಿಗೆ ಹತ್ತು ಚೀಟಿ ಕೊಟ್ಟ. "ಇವು ಸಾಲು ತಪ್ಪಿಸೋ ಚೀಟಿ. ತೋರಿಸಿದ್ರೆ ಮುಂದಕ್ಕೆ ಬಿಡ್ತಾರೆ."

"ಚೀಲಕ್ಕೆ ಕೈ ಹಾಕಿ ನೋಡ್ಕೋಬಹುದಾ?" ಎಂದ ವರ್ತಕ.

"ಧಾರಾಳವಾಗಿ, ಸ್ವಾಮಿ. ಆದ್ರೆ ನೋಡ್ಕೋತಾ ಇರೋವಾಗ ಬೀಳಲ್ಲ."

ಬಾಗಿಲು ದಾಟಿದ ಮೇಲೆ ಗಂಡ ಬಲಕ್ಕೆ ಹೋದ, ಯಾಕೆಂದರೆ ಪಟ್ಟಿಯಲ್ಲಿ ಹಾಗಿತ್ತು. ಹೆಂಡತಿ ಎಡಕ್ಕೆ ಹೋದಳು, ಯಾಕೆಂದರೆ ಗಂಡ ಬಲಕ್ಕೆ ಹೋಗಿದ್ದ.

ಮೊದಲನೆಯದು ಹುಚ್ಚುಬಂಡಿ. ಏರಿತು, ಇಳಿಯಿತು, ತಲೆಕೆಳಗಾಯಿತು. ಎಲ್ಲಿ ಕಿರುಚಬೇಕೆಂದು ಬರೆದಿತ್ತೋ ಅಲ್ಲಿ ವರ್ತಕ ಕಿರುಚಿದ. ಇಳಿದು ಪಟ್ಟಿ ತೆಗೆದ, ಗೀಟು ಹಾಕಿದ, ಚೀಲ ಮುಟ್ಟಿ ನೋಡಿದ. ಚೀಲ ಚಪ್ಪಟೆ.

ಎರಡನೆಯದು ನೀರಿನ ಜಾರುಬಂಡೆ. ಜಾರಿದ, ಮುಳುಗಿದ, ಎದ್ದ. ಪಟ್ಟಿ ನೆನೆಯದಿರಲೆಂದು ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದ, ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದೇ ಜಾರಿದ್ದ. ಗೀಟು ಹಾಕಿದ, ಚೀಲ ಮುಟ್ಟಿ ನೋಡಿದ. ಚೀಲ ಒದ್ದೆ, ಚಪ್ಪಟೆ.

ಮೂರನೆಯದು ಕನ್ನಡಿ ಮನೆ. ನೂರು ವರ್ತಕರು ನೂರು ಪಟ್ಟಿ ತೆಗೆದರು, ನೂರು ಗೀಟು ಹಾಕಿದರು, ನೂರು ಚೀಲ ಮುಟ್ಟಿ ನೋಡಿದರು. ಒಂದರಲ್ಲೂ ಏನೂ ಇರಲಿಲ್ಲ.

ದೆವ್ವದ ಗುಹೆಯಲ್ಲಿ ದೆವ್ವ ಎದುರಿಗೇ ಬಂತು. "ನೀನು ಎಡಗಡೆಯಿಂದ ಬರಬೇಕಿತ್ತಲ್ಲ," ಎಂದು ವರ್ತಕ ಪಟ್ಟಿ ನೋಡಿದ. ದೆವ್ವ ತಲೆ ಕೆರೆದುಕೊಂಡು ಎಡಕ್ಕೆ ಹೋಗಿ ಮತ್ತೆ ಬಂತು. ಪಾಪ, ಅದರದೂ ಹೊಟ್ಟೆಪಾಡು. ಚೀಲ ಚಪ್ಪಟೆ.

ಐದನೆಯದು ಆಕಾಶತೊಟ್ಟಿಲು. ಮೇಲಕ್ಕೆ ಹೋದಾಗ ಇಡೀ ಪಟ್ಟಣ ಅಂಗೈ ಮೇಲಿಟ್ಟಂತೆ ಕಂಡಿತು. ನಾಲ್ಕು ದಾರಿ ಕೂಡುವಲ್ಲಿ ಹೆಂಡತಿ ನಿಂತಿದ್ದಳು. ಮನಸ್ಸು ಎಳೆದ ಕಡೆ ಹೋಗುವವಳು ಅವಳು, ಮನಸ್ಸು ಎಳೆಯಲಿ ಎಂದು ಕಾಯುತ್ತಿದ್ದಳು. ತೊಟ್ಟಿಲು ಒಂದು ಸುತ್ತು ಬಂತು. ಅವಳು ಮೂಡಣಕ್ಕೆ ಎರಡು ಹೆಜ್ಜೆ ಇಟ್ಟು ಹಿಂದೆ ಬಂದಿದ್ದಳು. ಇನ್ನೊಂದು ಸುತ್ತು, ಪಡುವಣಕ್ಕೆ ಎರಡು ಹೆಜ್ಜೆ. ಅವಳೊಬ್ಬಳೇ ಅಲ್ಲ, ಆ ಕೂಡುದಾರಿಯ ತುಂಬ ಪಟ್ಟಿ ಮಾಡದೆ ಬಂದವರೇ ನಿಂತಿದ್ದರು. ಒಬ್ಬರನ್ನೊಬ್ಬರು "ನಿಮಗೆ ಎತ್ತ ಎಳೀತಿದೆ?" ಎಂದು ಕೇಳುತ್ತ, ಮನಸ್ಸು ಯಾರನ್ನೂ ಎತ್ತಲೂ ಎಳೆಯದೆ, ಸಂತೆ ಮುಗಿದ ಮೇಲೆ ಉಳಿದುಹೋದ ದನಗಳ ಹಾಗೆ. ಹತ್ತನೆಯ ಸುತ್ತಿಗೂ ಅವಳು ಅಲ್ಲೇ ಇದ್ದಳು.

ವರ್ತಕನಿಗೆ ಒಳಗೊಳಗೇ ಸಮಾಧಾನವಾಯಿತು. ಸಮಾಧಾನಕ್ಕೆ ಗುಲಗಂಜಿ ಬೀಳುವುದಿಲ್ಲ, ಮುಟ್ಟಿ ನೋಡಿ ತಿಳಿದುಕೊಂಡ.

ಹನ್ನೆರಡನೆಯ ಆಟ ಮುಗಿದಾಗ ನಡುಹಗಲು. ಊಟದ ಚಪ್ಪರದಲ್ಲಿ ಇಬ್ಬರೂ ಎದುರಾದರು.

"ಏನ್ರೀ, ಹೇಗಿದೆ ವ್ಯಾಪಾರ?"

"ಅಂದುಕೊಂಡ ಹಾಗೇ ನಡೀತಿದೆ."

"ನಂದೂ ಅಷ್ಟೇ. ಅಂದುಕೊಳ್ಳದ ಹಾಗೇ ನಡೀತಿದೆ."

"ಎಷ್ಟು ಆಟ ಆಡಿದೆ?"

"ಆಡಿದ್ದನ್ನ ಎಣಿಸೋಕೆ ನಾನೇನು ನೀವಾ?" ಎಂದು ಅವಳು ಚೀಲದ ಮೇಲೆ ಸೆರಗು ಎಳೆದುಕೊಂಡಳು. ವರ್ತಕ ತನ್ನ ಚೀಲದ ಮೇಲೆ ಶಲ್ಯ ಎಳೆದುಕೊಂಡ. ಬರಿಚೀಲದ ಮೇಲೆ ಬಟ್ಟೆ ಎಳೆಯುವುದನ್ನು ಅವನು ಮಂಡಿಯಲ್ಲಿ ಬೇಕಾದಷ್ಟು ಕಂಡವನು, ತಾನೇ ಎಷ್ಟೋ ಸಲ ಎಳೆದವನು. ಆದರೆ ಹೆಂಡತಿಯ ಮುಖ ಶಾಂತವಾಗಿತ್ತು. ಇಪ್ಪತ್ತೆರಡು ವರ್ಷ ತನ್ನ ಹತ್ತಿರವೇ ಕಲಿತ ಮುಖ ಅದು, ಓದಲಾಗಲಿಲ್ಲ. ಅವನಿಗೆ ಮೊದಲ ಸಲ ಭಯವಾಯಿತು. ಜಾಗಟೆ ಇಲ್ಲದ ಮನೆಯನ್ನು ಕಣ್ಣ ಮುಂದೆ ತಂದುಕೊಂಡ. ಬೆಳಗ್ಗೆ ಹತ್ತಾದರೂ ಹಾಸಿಗೆ ಸುತ್ತಿಲ್ಲ. ಯಾವಾಗಲೋ ಅಡುಗೆ, ಯಾವಾಗಲೋ ಮಾತು. ಆ ಮಾತೋ, ನಿಲ್ಲಿಸುವವರಿಲ್ಲದೆ ಕೊನೆಯವರೆಗೂ ಹೋಗುವಂಥದು. ಅದರ ಕೊನೆಯಲ್ಲಿ ಏನಿರಬಹುದೆಂದು ಅವನು ಯಾವತ್ತೂ ಕೇಳಿಸಿಕೊಂಡಿರಲಿಲ್ಲ. ಈಗ ಊಹಿಸಿ ಬೆವೆತ.

ಹೆಂಡತಿ ಎದ್ದುಹೋದ ಮೇಲೆ ನೀರು ಮಾರುವ ಮುದುಕಿ ಬಂದು ಅವನ ಲೋಟ ತುಂಬಿಸಿದಳು. ತುಂಬಿಸುತ್ತಲೇ ಮೆಲ್ಲಗೆ ಹೇಳಿದಳು: "ಚೀಲ ಹಗುರ ಕಾಣ್ತದಲ್ಲಪ್ಪಾ. ಮುಸುಕಿನ ಓಣಿಗೆ ಹೋಗು. ಹೆಚ್ಚಿಗೆ ಇರೋರು ಮಾರ್ತಾರೆ."

"ಗುಲಗಂಜೀನಾ?"

"ಮತ್ತೇನು, ಕಡಲೆಕಾಯಾ?"

"ದುಡ್ಡಿಗಾ?"

"ಇಲ್ಲಿ ದುಡ್ಡು ಯಾರಿಗೆ ಬೇಕು? ಸಾಲು ತಪ್ಪಿಸೋ ಚೀಟಿಗೆ."

ವರ್ತಕನ ಹತ್ತಿರ ಇನ್ನೂ ಏಳು ಚೀಟಿ ಉಳಿದಿದ್ದವು. ಕೊಂಡ ಮಾಲೂ ಮಾಲೇ, ತಕ್ಕಡಿಗೆ ಅದರ ಹುಟ್ಟೂರು ಗೊತ್ತಾಗದು. ಪಟ್ಟಿಯಲ್ಲಿ ಇನ್ನೂ ಆರು ಆಟ ಬಾಕಿ ಇದ್ದವು. ಮಡಚಿ ಒಳಗಿಟ್ಟ.

ಮುಸುಕಿನ ಓಣಿ ಸಣ್ಣದು. ಉದ್ದಕ್ಕೂ ನಡುವೆ ದಪ್ಪ ಪರದೆ ಇಳಿಬಿಟ್ಟಿದ್ದರು. ಪರದೆಯ ಈಚೆಗೆ ಮಣೆಗಳು, ಆಚೆಗೂ ಮಣೆಗಳಿರಬೇಕು. ಮಣೆಗೊಂದರಂತೆ ಪರದೆಯಲ್ಲಿ ಒಂದು ಕಿಂಡಿ, ಕಿಂಡಿಯ ಮೇಲೆ ಒಂದು ಕರಿಕಂಬಳಿ. ಮಾತಾಡುವಂತಿಲ್ಲ, ಮುಖ ನೋಡುವಂತಿಲ್ಲ. ಕಂಬಳಿಯ ಕೆಳಗೆ ಕೈ ಚಾಚಬೇಕು, ಬೆರಳಲ್ಲೇ ಬೆಲೆ ಹೇಳಬೇಕು.

ವರ್ತಕನಿಗೆ ತವರಿಗೆ ಬಂದಂತಾಯಿತು. ಮಂಡಿಯಲ್ಲಿ ಅವನು ನಲವತ್ತು ವರ್ಷ ಮಾಡಿದ್ದೇ ಇದು: ಟವೆಲಿನ ಕೆಳಗೆ ಕೈ, ಹಿಡಿದ ಬೆರಳಿಗೊಂದು ಬೆಲೆ, ಬೆರಳಿನ ಗಿಣ್ಣಿಗೆ ಅರ್ಧ, ಉಗುರಿಗೆ ಕಾಲು, ಮುಚ್ಚಿದ ಮುಷ್ಟಿ ಅಂದರೆ ಏನೂ ಇಲ್ಲ. ಕೂತ. ಕಂಬಳಿಯ ಕೆಳಗೆ ಕೈ ಚಾಚಿದ. ಆಚೆಯಿಂದಲೂ ಒಂದು ಕೈ ಬಂತು. ಮಣಿಕಟ್ಟಿನವರೆಗೆ ವಸ್ತ್ರ ಸುತ್ತಿಕೊಂಡ ಕೈ, ಅಂಗೈ ಬೆರಳಷ್ಟೇ ಹೊರಗೆ.

ವರ್ತಕ ಎರಡು ಬೆರಳು ಹಿಡಿದ. ಗುಲಗಂಜಿಗೆ ಎರಡು ಚೀಟಿ.

ಆಚೆಯ ಕೈ ತನ್ನ ಬೆರಳು ಬಿಡಿಸಿಕೊಂಡಿತು. ಆಮೇಲೆ ಅವನ ಒಂದೇ ಬೆರಳು ಹಿಡಿಯಿತು.

ಒಂದು? ಕೊಳ್ಳುವವನು ಎರಡು ಎಂದರೆ ಮಾರುವವನು ಒಂದು ಸಾಕೆನ್ನುವುದೇ? ನಲವತ್ತು ವರ್ಷದಲ್ಲಿ ಇಂಥದು ಆಗಿರಲಿಲ್ಲ. ಮಾಲು ಹಳೆಯದಿರಬೇಕು, ಹುಳ ಬಿದ್ದಿರಬೇಕು. ವರ್ತಕ ಚುರುಕಾದ. ಗಿಣ್ಣು ಒತ್ತಿದ: ಅರ್ಧ.

ಆಚೆಯ ಕೈ ಬೆಚ್ಚಿತು. ಮರುಕ್ಷಣ ಅವನ ಉಗುರು ಚಿವುಟಿತು: ಕಾಲು.

ವರ್ತಕನ ಮೈಯಲ್ಲಿ ಜುಮ್ಮೆಂದಿತು. ಯಾರಿವನು? ನಾನು ಇಳಿಸಿದರೆ ನನಗಿಂತ ಕೆಳಗೆ ಇಳಿಯುತ್ತಾನೆ! ಉಗುರಿನ ತುದಿ ಮುಟ್ಟಿದ: ಅರೆಕಾಲು. ಆಚೆಯ ಕೈ ಉಗುರಿನ ಅಂಚನ್ನು ಸವರಿತಷ್ಟೇ: ಅದರಲ್ಲೂ ಅರ್ಧ. ಇವನು ಸವರಿದ, ಅದು ಇನ್ನೂ ಹಗುರವಾಗಿ ಸವರಿತು. ಕಂಬಳಿಯ ಕೆಳಗೆ ಎರಡು ಕೈ ಒಂದನ್ನೊಂದು ಕೆಳಗೆ ಕೆಳಗೆ ತಳ್ಳಿಕೊಂಡು ಪಾತಾಳಕ್ಕಿಳಿದವು. ಹೊತ್ತು ಎಷ್ಟೆಂದು ವರ್ತಕ ನೋಡಲಿಲ್ಲ, ಪಟ್ಟಿ ಮುಟ್ಟಲಿಲ್ಲ, ಜಾಗಟೆಯ ನೆನಪು ಬರಲಿಲ್ಲ. ಕೊನೆಗೆ ಹಲ್ಲು ಕಚ್ಚಿ ಮುಷ್ಟಿ ಮುಚ್ಚಿ ಆಚೆಯ ಅಂಗೈಯಲ್ಲಿಟ್ಟ: ಪುಕ್ಕಟೆ.

ಆಚೆಯ ಕೈ ಅವನ ಮುಷ್ಟಿಯ ಮೇಲೆ ಫಟ್ಟನೆ ಬಡಿಯಿತು. ವ್ಯಾಪಾರ ಕುದುರಿತು!

ಮಾಲು ಪಡೆಯಲು ವರ್ತಕ ಅಂಗೈ ಅಗಲಿಸಿದ. ಆಚೆಯ ಕೈಯೂ ಅಂಗೈ ಅಗಲಿಸಿತು. ಎರಡು ಬರಿಯ ಅಂಗೈಗಳು ಕಂಬಳಿಯ ಕೆಳಗೆ ಒಂದಕ್ಕೊಂದು ತಾಗಿದವು. ಇವನು ಅದರಲ್ಲಿ ತಡಕಿದ, ಏನೂ ಇಲ್ಲ. ಅದು ಇವನದರಲ್ಲಿ ತಡಕಿತು, ಏನೂ ಇಲ್ಲ. ಮಾರುವವರೇ ಇಲ್ಲ, ಇಬ್ಬರೂ ಕೊಳ್ಳಲು ಬಂದವರು! ಪರದೆಯಾಚೆ ಯಾರೋ ಕಿಸಕ್ಕೆಂದರು. ಆಮೇಲೆ ತಡೆಯಲಾರದೆ ನಕ್ಕರು, ಉಸಿರು ಸಿಕ್ಕಿಕೊಳ್ಳುವಂತೆ, ನಡುವೆ ಒಮ್ಮೆ ಗೊರಕೆಯಂಥ ಸದ್ದು ಮಾಡಿ. ವರ್ತಕನೂ ನಕ್ಕ. ಹೊಟ್ಟೆ ಹಿಡಿದುಕೊಂಡು, ಮಣೆಯಿಂದ ಜಾರಿ, ಕಣ್ಣಲ್ಲಿ ನೀರು ಬರುವಂತೆ ನಕ್ಕ. ನಗುತ್ತ ನಗುತ್ತಲೇ ಆ ಗೊರಕೆಯ ನಗು ತನಗೆ ಗೊತ್ತಿರುವುದೆಂದು ಹೊಳೆಯಿತು. ಮದುವೆಯ ಮೊದಲ ವರ್ಷ ಕೇಳಿದ್ದು. ಆಮೇಲೆ ಅದಕ್ಕೆ ಹೊತ್ತು ಗೊತ್ತು ಮಾಡಿರಲಿಲ್ಲ.

ಪರದೆ ಸರಿಸಿದ.

"ನೀನಾ!"

"ಅಯ್ಯೋ, ನೀವಾ! ಬೆಲ್ಲದ ಜಿಗುಟು ಕೈ ಅಂತ ಆಗ್ಲೇ ಅನ್ನಿಸ್ತು."

"ನೀನು ಕೊಳ್ಳೋಕೆ ಬಂದೆಯೇನೇ? ಮನಸ್ಸು ಎಳೀತು ಅಂತಲಾ?"

"ಹೂಂ, ಎಳೀತು. ನೀರಿನ ಮುದುಕಿ ಸ್ವಲ್ಪ ದೂಡಿದ್ಲು."

ಇಬ್ಬರೂ ಒಟ್ಟಿಗೇ ಚೀಲ ಮುಟ್ಟಿಕೊಂಡರು. ಚೀಲ ಉಬ್ಬಿತ್ತು. ಎಣಿಸಿದರೆ ಅವನದರಲ್ಲಿ ಏಳು, ಅವಳದರಲ್ಲೂ ಏಳು.

ಅಲ್ಲಿಗೆ ನಗು ನಿಂತಿತು. ಎಣಿಸಿದ ಮೇಲೆ ಯಾವ ನಗು ನಿಲ್ಲದೆ ಇರುತ್ತದೆ?

"ನೋಡಿದ್ಯಾ," ಎಂದ ವರ್ತಕ, "ಪಟ್ಟಿಯ ಫಲ."

"ಯಾವ ಪಟ್ಟಿ? ಇದು ಪಟ್ಟಿ ಬಿಟ್ಟಿದ್ದರ ಫಲ!"

"ಇಲ್ಲೇ ಇದೆ ನೋಡು, ಕೊನೇಲಿ. ಮುಸುಕಿನ ಓಣಿ, ಇಳಿಹೊತ್ತು."

ಹೆಂಡತಿ ಪಟ್ಟಿ ಕಸಿದು ನೋಡಿದಳು, ಬೆರಳಿಂದ ತೀಡಿದಳು. "ಶಾಯಿ ಇನ್ನೂ ಆರಿಲ್ಲ."

"ಬರೆದದ್ದು ಯಾವಾಗ ಅನ್ನೋದಲ್ಲ, ಬರೆದಿದೆಯೋ ಇಲ್ಲವೋ ಅನ್ನೋದು."

"ಪಟ್ಟಿ ಇಲ್ದೆ ಬಂದವಳಿಗೂ ಏಳೇ ಬಿತ್ತಲ್ಲ, ಅದಕ್ಕೇನಂತೀರಿ?"

"ನನ್ನ ಕೈ ಹಿಡಿದದ್ದಕ್ಕೆ ಬಿತ್ತು."

"ನಿಮಗೂ ನನ್ನ ಕೈ ಹಿಡಿದದ್ದಕ್ಕೇ ಬಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಲಾಭಕ್ಕೆ ಹಿಡಿದಿರಿ!"

ಹೀಗೇ ಜಗಳವಾಡುತ್ತ ಅವರು ಉಳಿದ ಮಧ್ಯಾಹ್ನವನ್ನೆಲ್ಲ ಕಳೆದರು. ಜಗಳ ಪಟ್ಟಿಯಲ್ಲಿ ಇರಲಿಲ್ಲ, ಮನಸ್ಸು ಎಳೆದದ್ದೂ ಅಲ್ಲ. ಅದು ಇಬ್ಬರಿಗೂ ರೂಢಿ. ರೂಢಿಗೆ ಗುಲಗಂಜಿ ಬೀಳುವುದಿಲ್ಲ.

ಸೂರ್ಯ ಗೋಡೆಗೆ ತಾಗಿದಾಗ ಬಾಗಿಲಿಗೆ ಬಂದರು. ತೂಕದವನು ಒಂದು ತಟ್ಟೆಯಲ್ಲಿ ಗಂಡನ ಚೀಲ, ಇನ್ನೊಂದರಲ್ಲಿ ಹೆಂಡತಿಯ ಚೀಲ ಇಟ್ಟ. ಮುಳ್ಳು ನೆಟ್ಟಗೆ ನಿಂತಿತು.

"ಸಮ," ಎಂದ. "ಓಣಿಯಿಂದ ಬಂದವರದು ಯಾವಾಗಲೂ ಸಮವೇ."

ವರ್ತಕನ ಕಿವಿ ನಿಮಿರಿತು. "ಯಾವಾಗಲೂ ಅಂದ್ರೆ? ಅಲ್ಲಿ ಮಾರೋರು ಯಾವತ್ತೂ ಇರಲ್ವಾ?"

"ಮಾರೋಕೇನಿದೆ, ಸ್ವಾಮಿ? ಎರಡು ಕಡೆಗೂ ಕೊಳ್ಳೋರನ್ನೇ ಕೂರಿಸ್ತೀವಿ. ಅದು ನಮ್ಮ ಹತ್ತೊಂಬತ್ತನೇ ಆಟ."

"ಹದಿನೆಂಟೇ ಅಂತ ಎಲ್ಲರೂ ಹೇಳಿದ್ರಲ್ಲ!"

"ಸಂತೋಷ ಕೊಳ್ಳೋಕೆ ಹೋಗಿದ್ದೆ ಅಂತ ಮನೆಗೆ ಹೋಗಿ ಯಾರು ಹೇಳ್ಕೋತಾರೆ?" ತೂಕದವನು ಆಕಳಿಸಿದ. "ಪಟ್ಟಿ ಮಾಡಿ ಬಂದೋರು ಉಂಡೆದ್ದ ಮೇಲೆ ಅಲ್ಲಿಗೆ ಬರ್ತಾರೆ. ಪಟ್ಟಿ ಮಾಡದೆ ಬಂದೋರೂ ಉಂಡೆದ್ದ ಮೇಲೇ ಅಲ್ಲಿಗೆ ಬರ್ತಾರೆ. ಮುದುಕಿ ಲೋಟ ತುಂಬಿಸೋ ಹೊತ್ತು ನಾವು ಗೊತ್ತು ಮಾಡಿಟ್ಟಿದ್ದೀವಿ."

ಹೆಂಡತಿಯ ಮುಖ ಸಪ್ಪಗಾಯಿತು. ದಿನವೆಲ್ಲ ಯಾರ ಪಟ್ಟಿಗೂ ಸಿಗದೆ ತಿರುಗಿದೆ ಎಂದುಕೊಂಡವಳು ಬೇರೆಯವರ ಪಟ್ಟಿಯೊಳಗೇ ತಿರುಗಿದ್ದಳು.

ವರ್ತಕನಿಗೆ ಹಾಗಾಗಲಿಲ್ಲ. ಅವನು ಬಾಯಿ ತೆರೆದು ನಿಂತ. ಮಾಲಿಲ್ಲದ ಅಂಗಡಿ! ಮಾರುವವನಿಲ್ಲ, ಗೋದಾಮಿಲ್ಲ, ಇಲಿಕಾಟವಿಲ್ಲ, ಕೆಡುವ ಭಯವಿಲ್ಲ. ಒಂದು ಪರದೆ, ಒಂದು ಕಂಬಳಿ, ನೀರಿನ ಒಂದು ಮುದುಕಿ. ಗಿರಾಕಿಯೇ ಬಂದು ಗಿರಾಕಿಯನ್ನು ಕೂಡಿಕೊಂಡು, ತನ್ನದೇ ಮಾಲನ್ನು ತಾನೇ ಹುಟ್ಟಿಸಿ, ಕೊನೆಗೆ ಇವರ ತಕ್ಕಡಿಗೆ ತಂದು ಸುರಿಯುತ್ತಾನೆ. ಎಂಥ ಕಸುಬು! ಎಂಥ ಕೈ! ತನಗೆ ಮೋಸವಾಗಿದೆ ಎಂಬುದನ್ನೇ ಅವನು ಮರೆತ, ತಾನು ಎಂಬುದನ್ನೂ ಮರೆತ.

ತಕ್ಕಡಿಯ ತಟ್ಟೆಯಲ್ಲಿದ್ದ ಅವನ ಚೀಲದೊಳಗೆ ಟಪ್ಪೆಂದು ಏನೋ ಬಿತ್ತು. ಮುಳ್ಳು ಅವನ ಕಡೆಗೆ ವಾಲಿತು.

"ಎಂಟು," ಎಂದ ತೂಕದವನು. "ಗಂಡಸಿನದು ಹೆಚ್ಚು." ಎರಡೂ ಚೀಲವನ್ನು ತನ್ನ ಹಿಂದೆ ನೆಲದಲ್ಲಿ ತೋಡಿದ್ದ ಹಗೇವಿಗೆ ಸುರಿದು, ಬರಿಚೀಲ ಒದರಿ ಗೂಟಕ್ಕೆ ತೂಗುಹಾಕಿದ. ನಾಳೆ ಬರುವವರಿಗೆ ಬೇಕಲ್ಲ.

ಹೆಂಡತಿ ಗೂಟದ ಬರಿಚೀಲದಿಂದ ಗಂಡನ ಕಡೆ ತಿರುಗಿದಳು. "ಮೋಸ ಹೋಗೋದು ನಿಮ್ಮ ಪಟ್ಟೀಲಿ ಎಷ್ಟನೇದಾಗಿತ್ತು?"

"ತೂಕ ತೂಕವೇ ಕಣೇ."

"ಹೌದು. ತೂಕ ತೂಕವೇ. ಗೆದ್ರಿ, ಬನ್ನಿ."

ಅವಳು ಮಾತಿಗೆ ತಪ್ಪುವವಳಲ್ಲ. ಮರುದಿನ ಒಂದನೆಯ ಜಾಗಟೆಗೆ ಎದ್ದಳು, ಎರಡನೆಯದಕ್ಕೆ ಮಿಂದಳು, ಮೂರನೆಯದಕ್ಕೆ ಬಡಿಸಿದಳು. ವರ್ತಕನೂ ಕಲ್ಲೇನಲ್ಲ. ಓಣಿಯ ನಗು ಅವನ ಕಿವಿಯಲ್ಲಿ ಉಳಿದಿತ್ತು, ಅದನ್ನು ಮನೆಗೂ ತರಿಸಬೇಕೆನಿಸಿತು. ಯೋಚಿಸಿ ಎಂಟನೆಯ ಜಾಗಟೆಯೊಂದನ್ನು ಸೇರಿಸಿದ. ಅದು ಬಾರಿಸಿದ ಕೂಡಲೇ ಗಂಡಹೆಂಡಿರು ಜಗಲಿಯಲ್ಲಿ ಎದುರುಬದರು ಕೂತು, ನಡುವೆ ಒಂದು ಕರಿಕಂಬಳಿ ಹೊದಿಸಿ, ಕೆಳಗೆ ಕೈ ಚಾಚುವುದು. ಇವನು ಎರಡು ಬೆರಳು ಹಿಡಿಯುತ್ತಾನೆ. ಅವಳು ನಾಲ್ಕು ಹಿಡಿಯುತ್ತಾಳೆ. ಮೂರಕ್ಕೆ ಕುದುರುತ್ತದೆ. ನ್ಯಾಯವಾದ ಬೆಲೆ. ಅವಳು ಕಂಬಳಿ ಮಡಚಿಟ್ಟು ಒಳಗೆ ಹೋಗುತ್ತಾಳೆ.

ಮೊದಲ ವರ್ಷದ ಕೊನೆಗೆ ವರ್ತಕ ಲೆಕ್ಕ ಹಾಕಿದ. ಉಳಿದದ್ದು: ಜಾಗಟೆ ಒಂದು. ಪಟ್ಟಣದ ಹಗೇವಿನಲ್ಲಿ ಬಿಟ್ಟು ಬಂದ ಗುಲಗಂಜಿ: ಹದಿನೈದು. ಬಳಸದೆ ಉಳಿದ, ಇನ್ನೆಂದೂ ಬಳಕೆಗೆ ಬಾರದ ಚೀಟಿ: ಇಬ್ಬರದೂ ಸೇರಿ ಹದಿನೇಳು. ಕಂಬಳಿಯ ಕೆಳಗೆ ಕುದುರಿದ ವ್ಯಾಪಾರ: ಮುನ್ನೂರ ಅರವತ್ತು, ಎಲ್ಲವೂ ಮೂರರಂತೆ. ಹೆಂಡತಿಯ ನಗು, ಆ ಗೊರಕೆಯದು: ಎರಡು ಸಲ. ಎರಡೂ ಸಲ ಪಕ್ಕದ ಮನೆಯವರಿಗೆ ಸ್ಪಷ್ಟವಾಗಿ ಕೇಳಿಸಿತಂತೆ. ಎರಡೂ ಸಲ ವರ್ತಕ ಮಂಡಿಯಲ್ಲಿದ್ದ.